ಬ್ಲೂಸ್ಪಾಟೆಡ್ ಸನ್‌ಫಿಶ್ ಅಂತ ಗ್ರೀನ್ ಸನ್‌ಫಿಶ್ ಮಾರ್ತಿದ್ದಾರೆ, ಬಾಲ ನೋಡಿ ತಗೊಳ್ಳಿ

ನ್ಯೂಜೆರ್ಸಿ ಕಡೆ ಇದ್ದು, ಇಲ್ಲಿನ ಕೆರೆ-ಹೊಳೆ ಮೀನನ್ನೇ ಟ್ಯಾಂಕಲ್ಲಿ ಸಾಕೋ ಕನ್ನಡದವರು ಇದನ್ನ ಪೂರ್ತಿ ಓದಿ. ಬ್ಲೂಸ್ಪಾಟೆಡ್ ಸನ್‌ಫಿಶ್ ಅನ್ನೋ ಪುಟ್ಟ ಮೀನು ಅಂತ ಒಂದಕ್ಕೆ 12 ಡಾಲರ್‌ನಂತೆ ಆರು ಕೊಂಡೆ, 72 ಡಾಲರ್. ಬಂದಿದ್ದು ದೊಡ್ಡ ಬಾಯಿಯ ಗ್ರೀನ್ ಸನ್‌ಫಿಶ್. ದುಡ್ಡು ಹಾಳಾಗಿ ಹೋಗಲಿ. ಟ್ಯಾಂಕಲ್ಲಿದ್ದ ಐದು ಸ್ವಾಂಪ್ ಡಾರ್ಟರ್ ಅನ್ನೋ ಸಣ್ಣ ಮೀನುಗಳಲ್ಲಿ ಒಂದೂ ಇಲ್ಲ ಈಗ. ಒಂದೂ ಇಲ್ಲ.

ಮಾರಿದವರು ಕನ್ನಡದವರೇ. ಹೊಟ್ಟೆ ಉರಿಯೋದು ಅದಕ್ಕೇ. "ನಮ್ಮೋರಿಗೆ ಸುಳ್ಳು ಹೇಳ್ತೀನಾ ಸಾರ್, ಪಕ್ಕಾ ಬ್ಲೂಸ್ಪಾಟೆಡ್" ಅಂದ್ರು. ನಂಬಿದ್ದು ನನ್ನ ತಪ್ಪು, ಒಪ್ಕೋತೀನಿ.

ಬ್ಲೂಸ್ಪಾಟೆಡ್ ಮತ್ತು ಸ್ವಾಂಪ್ ಡಾರ್ಟರ್ ಜೋಡಿ ತಪ್ಪಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಬ್ಲೂಸ್ಪಾಟೆಡ್ ಬೆಳೆದರೂ ಸುಮಾರು ಮೂರು ಇಂಚು, ಬಾಯಿ ಚಿಕ್ಕದು, ಸ್ವಭಾವ ಪುಕ್ಕಲು. ದಕ್ಷಿಣ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಕಾಡಿನ ಟೀ ಬಣ್ಣದ ಮೆದು ನೀರಿನ ಮೀನು ಅದು. 29 ಗ್ಯಾಲನ್ ಟ್ಯಾಂಕು, ಪಿಎಚ್ 6.2 (ಸ್ವಲ್ಪ ಹುಳಿ ನೀರು), ತಳದಲ್ಲಿ ಒಣಗಿದ ಓಕ್ ಎಲೆ, ಸ್ಪಂಜ್ ಫಿಲ್ಟರ್, ಹೀಟರ್ ಇಲ್ಲ. ಅದಕ್ಕೆ ಏನು ಬೇಕೋ ಅದೇ ಇತ್ತು. ಬಂದ ಮೀನು ಮಾತ್ರ ಅದಾಗಿರಲಿಲ್ಲ.

ಮೊದಲ ಹತ್ತು ದಿನದಲ್ಲಿ ಟ್ಯಾಂಕಲ್ಲಿದ್ದ ಸಣ್ಣ ಸೀಗಡಿ ಖಾಲಿ. ಸಣ್ಣ ಸೀಗಡಿ ತಿನ್ನೋದು ಬ್ಲೂಸ್ಪಾಟೆಡ್‌ಗೂ ಸಹಜ, ಹಾಗಾಗಿ ಅನುಮಾನ ಬರಲಿಲ್ಲ. ಆಮೇಲೆ ಡಾರ್ಟರ್ ಒಂದೊಂದೇ ಮಾಯ. ಎರಡು ಇಂಚಿಗೆ ಬಂದ ಮೀನು ಎರಡು ತಿಂಗಳಲ್ಲಿ ಮೂರು ದಾಟಿತು, ಆಗಲೂ ಬುದ್ಧಿ ಬರಲಿಲ್ಲ. ಒಂದು ಸಂಜೆ ಲೈಟ್ ಹಾಕಿದ್ರೆ ದೊಡ್ಡದರ ಬಾಯಿಂದ ಡಾರ್ಟರ್ ಬಾಲ ಹೊರಗೆ ಚಾಚಿಕೊಂಡಿದೆ! ಆ ಬಾಯಿ ನೋಡಿದೆ: ಮೇಲ್ದವಡೆ ಕಣ್ಣಿನ ಕೆಳಗಿನವರೆಗೆ ಬಂದಿದೆ. ಬಾಲ ನೋಡಿದೆ: ತುದಿಯ ನಡುವೆ ಕಚ್ಚು, ಅಂದ್ರೆ ಒಳಕ್ಕೆ ತಗ್ಗು. ಬ್ಲೂಸ್ಪಾಟೆಡ್ ಬಾಲ ದುಂಡಗಿರುತ್ತೆ, ಅಷ್ಟೇ ವಿಷಯ. ಕೊಂಡ ದಿನ ಅವರು ಕಳಿಸಿದ್ದ ಫೋಟೋ ತೆಗೆದು ನೋಡಿದ್ರೆ ಅದರಲ್ಲೂ ಕಚ್ಚು ಸ್ಪಷ್ಟವಾಗಿ ಕಾಣ್ತಿತ್ತು. ಕಣ್ಣೆದುರೇ ಇತ್ತು. ನೀಲಿ ಚುಕ್ಕೆ ನೋಡಿ ಮರುಳಾಗಿದ್ದೆ.

ಅವರ ಉತ್ತರಗಳನ್ನ ಕೇಳಿ. ಮೊದಲ ಡಾರ್ಟರ್ ಹೋದಾಗ, "ಹೊಸ ಮೀನು, ಸೆಟ್ ಆಗಲಿ ಬಿಡಿ ಸಾರ್." ಎರಡನೆಯದಕ್ಕೆ, "ಊಟ ಸಾಲ್ತಿಲ್ಲ ಅನ್ಸುತ್ತೆ, ಬ್ಲಡ್‌ವರ್ಮ್ ಜಾಸ್ತಿ ಹಾಕಿ." (ಮೀನಿನ ಮೇವಿನ ಕೆಂಪು ಹುಳ ಅದು.) ಬಾಯಲ್ಲಿ ಬಾಲ ಇರೋ ಫೋಟೋ ಕಳಿಸಿದಾಗ, "ಮೀನು ಮೀನನ್ನ ತಿನ್ನದೆ ಉಪ್ಪಿಟ್ಟು ತಿನ್ನುತ್ತಾ ಸಾರ್?" ಜೊತೆಗೆ ನಗೋ ಎಮೋಜಿ ಮೂರು. ಇದು ಗ್ರೀನ್ ಸನ್‌ಫಿಶ್ ಕಣ್ರೀ ಅಂದ್ರೆ, "ಹಾಗಾದ್ರೆ ಇನ್ನೂ ದೊಡ್ಡದಾಗುತ್ತೆ, ನಿಮಗೇ ಲಾಭ ಅಲ್ವಾ?" ಲಾಭವಂತೆ! ದುಡ್ಡು ವಾಪಸ್ ಕೇಳಿದ್ದಕ್ಕೆ, "ಬೇಡ ಅಂದ್ರೆ ಹತ್ತಿರದ ಕೆರೆಗೆ ಬಿಟ್ಟುಬಿಡಿ."

ಇಲ್ಲೇ ನಿಲ್ಲಿ. ನ್ಯೂಜೆರ್ಸಿಯಲ್ಲಿ ಗ್ರೀನ್ ಸನ್‌ಫಿಶ್ ಅಪಾಯಕಾರಿ ಹೊರಗಿನ ಮೀನುಗಳ ಪಟ್ಟಿಯಲ್ಲಿದೆ. ಸ್ನೇಕ್‌ಹೆಡ್ ಅನ್ನೋ ಬೇಟೆಗಾರ ಮೀನು ಇರೋ ಅದೇ ಪಟ್ಟಿ. ಕೆರೆಗೆ ಬಿಡೋದು ಹಾಗಿರಲಿ, ಜೀವಂತ ಇಟ್ಟುಕೊಳ್ಳೋದೇ ನಿಷಿದ್ಧ. ಅಂದ್ರೆ ಎರಡು ತಿಂಗಳು ಕಾನೂನಿಗೆ ವಿರುದ್ಧವಾದ ಮೀನನ್ನ ಮನೇಲಿ ಕೂರಿಸಿಕೊಂಡು ಊಟ ಹಾಕಿದ್ದಾಯ್ತು. ಕೊನೆಗೆ ಲವಂಗದ ಎಣ್ಣೆ ಹಾಕಿದ ನೀರಲ್ಲಿ ಆರನ್ನೂ ಮುಗಿಸಬೇಕಾಯ್ತು. ಮೀನಿನ ತಪ್ಪೇನಿತ್ತು?

ಇವು ಎಲ್ಲಿಂದ ಬಂದವು ಅಂತ ಒತ್ತಿ ಕೇಳಿದಾಗ, ಬೇರೆ ರಾಜ್ಯದಲ್ಲಿ ಹೊಂಡಕ್ಕೆ ಬಿಡೋ ಮರಿ ಮಾರೋರ ಹತ್ರ ತಂದಿದ್ದು ಅಂತ ಬಾಯಿ ಬಿಟ್ರು. ಅಲ್ಲಿ ಸಿಗೋದು ಬ್ಲೂಗಿಲ್ (ಇದೂ ಒಂದು ಸನ್‌ಫಿಶ್), ಗ್ರೀನ್, ಇಲ್ಲಾ ಇವೆರಡರ ಮಿಶ್ರತಳಿ. "ಹೈಬ್ರಿಡ್ ಬ್ಲೂಗಿಲ್" ಅಂತ ಮಾರೋದು ಈ ಮಿಶ್ರತಳಿಯನ್ನೇ. ಮೂರೂ ಸಣ್ಣ ಟ್ಯಾಂಕಿನ ಮೀನಲ್ಲ.

ಕೊಳ್ಳೋ ಮುಂಚೆ ಪಕ್ಕದಿಂದ ತೆಗೆದ ಫೋಟೋ ಕೇಳಿ. ಬಾಲ ದುಂಡಗಿದ್ರೆ ಬ್ಲೂಸ್ಪಾಟೆಡ್ ಗುಂಪು, ಬಾಲದಲ್ಲಿ ಕಚ್ಚು ಇದ್ರೆ ಬ್ಲೂಗಿಲ್, ಗ್ರೀನ್ ಗುಂಪು. ಗ್ರೀನ್‌ಗೆ ಬಾಯಿ ದೊಡ್ಡದು, ಎದೆರೆಕ್ಕೆ ಗಿಡ್ಡ ಮತ್ತು ದುಂಡಗೆ, ಬೆನ್ನಿನ ರೆಕ್ಕೆಯ ಹಿಂತುದಿಯ ಬುಡದಲ್ಲಿ ಕಪ್ಪು ಮಚ್ಚೆ. ಬ್ಲೂಗಿಲ್‌ಗೆ ಬಾಯಿ ಸಣ್ಣದು, ಎದೆರೆಕ್ಕೆ ಉದ್ದ, ಚೂಪು. ನೀಲಿ ಚುಕ್ಕೆ ಮಾತ್ರ ನೋಡಬೇಡಿ, ಗ್ರೀನ್ ಕೆನ್ನೆಯ ಮೇಲೂ ನೀಲಿ ಹೊಳೆಯುತ್ತೆ.

ನಿಜವಾದ ಬ್ಲೂಸ್ಪಾಟೆಡ್ ಸಿಕ್ಕಿದ್ರೆ ಜೊತೆಗೆ ಡಾರ್ಟರ್, ಬೆಳೆದ ಮಡ್‌ಮಿನ್ನೋ (ಇಲ್ಲಿನದೇ ಸಣ್ಣ ಕೆಸರು ಮೀನು) ಒಂದೆರಡು ಸಾಕು. ಶೈನರ್ ಅನ್ನೋ ಚುರುಕು ಸಣ್ಣ ಮೀನುಗಳ ಹಿಂಡು ಬೇಡ. ಬ್ಲೂಸ್ಪಾಟೆಡ್ ಯೋಚನೆ ಮಾಡಿ ಬಾಯಿ ಹಾಕೋ ಮೀನು, ಅಷ್ಟರಲ್ಲಿ ಶೈನರ್‌ಗಳು ಎಲ್ಲ ತಿಂದು ಮುಗಿಸಿರುತ್ತವೆ, ಇದು ಹೊಟ್ಟೆಗಿಲ್ಲದೆ ಸೊರಗುತ್ತೆ. ಪಿಗ್ಮಿ ಸನ್‌ಫಿಶ್ ಹೆಸರಿಗಷ್ಟೇ ಸನ್‌ಫಿಶ್, ಕುಟುಂಬವೇ ಬೇರೆ, ಅದನ್ನ ಅದರ ಪಾಡಿಗೆ ಬೇರೆ ಇಡಿ. ಟೆಟ್ರಾ, ಗಪ್ಪಿ ಹಾಕೋ ಆಸೆ ಬಿಡಿ, ಅವಕ್ಕೆ ಬೆಚ್ಚಗಿನ ನೀರು ಬೇಕು, ಬ್ಲೂಸ್ಪಾಟೆಡ್‌ಗೆ ಚಳಿಗಾಲ ಬೇಕು.

ಪಂಪ್‌ಕಿನ್‌ಸೀಡ್ ಅನ್ನೋ ಇನ್ನೊಂದು ಸನ್‌ಫಿಶ್ ಬೇಕೇ ಬೇಕು ಅನ್ನೋರು 75 ಗ್ಯಾಲನ್‌ಗಿಂತ ಕಡಿಮೆ ಯೋಚಿಸಲೇಬೇಡಿ. ಬಸವನಹುಳ ಹಾಕಿದ್ರೆ ಅಗಿದು ಉಗೀತವೆ. ಎರಡು ಗಂಡು ಒಟ್ಟಿಗಿಟ್ಟರೆ ಒಂದು ಮೂಲೆ ಸೇರಿ ರೆಕ್ಕೆ ಹರಿಸಿಕೊಂಡು ಸಾಯುತ್ತೆ. ಮೇವಿಗೆ ಅಂತ ಗೋಲ್ಡ್‌ಫಿಶ್, ರೋಸಿ ರೆಡ್ ಅನ್ನೋ ಸಣ್ಣ ಮೀನು ಹಾಕಬೇಡಿ. ಅವುಗಳಲ್ಲಿರೋ ಥಯಾಮಿನೇಸ್ ವಿಟಮಿನ್ ಬಿ1 ಅನ್ನ ಹಾಳುಮಾಡುತ್ತೆ, ರೋಗವೂ ಪುಕ್ಕಟೆ.

ನನ್ನ ಕೊನೇ ಮೆಸೇಜಿಗೆ ಎರಡು ನೀಲಿ ಟಿಕ್ ಬಂದು ಒಂಬತ್ತು ದಿನ ಆಯ್ತು, ಉತ್ತರ ಇಲ್ಲ. ಅವರ ಜಾಹೀರಾತು ಹಾಗೇ ಇದೆ, ಅದೇ ಫೋಟೋ, ಅದೇ ಕಚ್ಚು ಬಾಲ. ಬೆಲೆ ಮಾತ್ರ 15 ಆಗಿದೆ.