ಟ್ರ್ಯಾಕ್ಟರ್ ಬ್ಯಾಟರಿ ನಿಂತಲ್ಲೇ ಇಳೀತಿದ್ಯಾ? ಹೊಸದು ತಗೊಳ್ಳೋ ಮುಂಚೆ ಇದನ್ನ ಓದಿ

ತಿಪಟೂರು, ಅರಸೀಕೆರೆ ಕಡೆ ಟ್ರ್ಯಾಕ್ಟರ್ ಇಟ್ಕೊಂಡಿರೋರು ದಯವಿಟ್ಟು ಓದಿ. ಅಂಗಡಿ ಹೆಸರು ಹಾಕಲ್ಲ, ಹಾಕಿದ್ರೆ ಅದೊಂದು ಬೇರೆ ತಲೆನೋವು. ನನ್ನ ದುಡ್ಡಂತೂ ಹೋಯ್ತು, ನಿಮ್ಮದಾದ್ರೂ ಉಳೀಲಿ.

ಸಂಜೆ ಗಾಡಿ ನಿಲ್ಲಿಸಿದ್ರೆ ಬೆಳಿಗ್ಗೆ ಸೆಲ್ಫ್ ಸರಿಯಾಗಿ ಎಳೀತಿರ್ಲಿಲ್ಲ. ಇನ್ನೊಂದು ದಿನ ನಿಂತರೆ ಬರೀ ಟಕ್ ಅನ್ನೋ ಸದ್ದು, ಅಷ್ಟೆ. ರಾಗಿ ಬಿತ್ತನೆ ಟೈಮು, ಹೊಲ ಹದಕ್ಕೆ ಬಂದಿದೆ, ಪಕ್ಕದೋರ ಗಾಡಿಗೆ ಹಗ್ಗ ಕಟ್ಟಿ ಎಳೆಸ್ಬೇಕು. ನೋಡ್ದೋರೆಲ್ಲ ನಗೋದು.

ಟೌನಿನ ಬ್ಯಾಟರಿ ಅಂಗಡಿಯೋನು ಲೋಡ್ ಟೆಸ್ಟರ್ (ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ಅದರ ದಮ್ಮು ನೋಡೋ ಮೀಟರ್) ಒತ್ತಿದ. ಮುಳ್ಳು ಕೆಂಪಿಗೆ ಬಿತ್ತು. "ನೋಡಿ ಅಣ್ಣ, ಸತ್ತೋಗಿದೆ." ಹಳೇದನ್ನ ಎಕ್ಸ್‌ಚೇಂಜಿಗೆ ಕಳೆದು 7,200 ರೂಪಾಯಿ. ವಾರಂಟಿ ಕಾರ್ಡ್ ಕೊಟ್ಟ, ಸೀಲು ಮಾತ್ರ "ಆಮೇಲೆ ಹಾಕ್ಕೊಡ್ತೀನಿ".

ಹೊಸ ಬ್ಯಾಟರಿನೂ ಇಳೀತು! ಫೋನ್ ಮಾಡಿದ್ರೆ "ನಿಮ್ಮ ಡ್ರೈವರ್ ಲೈಟ್ ಹಾಕಿ ಬಿಟ್ಟಿರ್ತಾನೆ". ಡ್ರೈವರ್ ಇಲ್ಲ ಕಣಪ್ಪ, ಓಡ್ಸೋದು ನಾನೇ ಅಂದೆ. "ಹಾಗಾದ್ರೆ ವೈರಿಂಗು." ವೈರಿಂಗಿಗೆ 3,500. ಇಂಜಿನ್ ಓಡ್ವಾಗ ಬ್ಯಾಟರಿ ಚಾರ್ಜ್ ಮಾಡೋ ಡೈನಮೋನೂ ನೋಡು ಅಂದ್ರೆ ಗಾಡಿ ಸ್ಟಾರ್ಟ್ ಮಾಡಿ ಮೀಟರ್ ಇಟ್ಟು "ಚಾರ್ಜಿಂಗ್ ಬರ್ತಿದೆ, ಡೈನಮೋ ಗುಂಡುಕಲ್ಲು ಇದ್ದಂಗಿದೆ" ಅಂದ. ಮತ್ತೆ ಇಳೀತು. ಮತ್ತೆ ಫೋನು. "ಪೂರ್ತಿ ಇಳಿಸ್ಬಿಟ್ಟಿದೀರ ಅಣ್ಣ, ಇನ್ನು ವಾರಂಟಿ ಬರಲ್ಲ." ಇಳಿಸಿದ್ದು ನಾನಾ?

ಕೊನೆಗೆ ಐಟಿಐ ಓದಿರೋ ನಮ್ಮಕ್ಕನ ಮಗ ಬಂದ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ಮಧ್ಯೆ ಮಲ್ಟಿಮೀಟರ್ ಹಾಕಿದ. ವೈರನ್ನ 10 ಆಂಪ್ ತೂತಿಗೇ ಚುಚ್ಚಬೇಕು, ಮೀಟರ್ ಹಾಗೆ ಇದ್ದಾಗ ಸೆಲ್ಫ್ ಹೊಡೀಲೇಬಾರ್ದು. ಕೀ ಆಫ್, ಲೈಟ್ ಆಫ್, ಆದ್ರೂ 3 ಆಂಪ್ ಹರೀತಿದೆ! ಗಡಿಯಾರವೂ ಇಲ್ಲದ, ರೇಡಿಯೋನೂ ಇಲ್ಲದ ಗಾಡಿ ನಮ್ಮದು, ಸೊನ್ನೆ ತೋರಿಸ್ಬೇಕಿತ್ತು. 12 ಗಂಟೆ ನಿಂತರೆ 36 ಆಂಪ್ ಅವರ್ ಖಾಲಿ, 80ರ ಬ್ಯಾಟರೀಲಿ ಹೆಚ್ಚೂಕಮ್ಮಿ ಅರ್ಧ. ಫ್ಯೂಸ್ ಒಂದೊಂದಾಗಿ ಕಿತ್ತ, ಏನೂ ಬದಲಾಗ್ಲಿಲ್ಲ. ಡೈನಮೋ ಹಿಂದಿನ ವೈರುಗಳನ್ನ ಬಿಚ್ಚಿದ, ಸೊನ್ನೆ. ವಾಪಸ್ ಹಾಕಿ ಸ್ಕ್ರೂಡ್ರೈವರ್ ತುದೀನ ಪುಲ್ಲಿ ಹತ್ರ ಹಿಡಿದ. ಇಂಜಿನ್ ಆಫ್ ಇದ್ದಾಗ್ಲೇ ಕಚ್ಕೊಂತು. ಒಳಗೆ ಡಯೋಡ್ (ಕರೆಂಟನ್ನ ಒಂದೇ ಕಡೆಗೆ ಬಿಡೋ ಪಾರ್ಟು) ಲೀಕ್ ಆಗಿ ಬ್ಯಾಟರಿ ಕರೆಂಟು ಹಿಂದಕ್ಕೆ ಹೋಗಿ ಫೀಲ್ಡ್ ಕಾಯಿಲ್‌ಗೆ ಹರೀತಿತ್ತು, ಕರೆಂಟ್ ಬಂದ್ರೆ ಆ ಕಾಯಿಲ್ ಅಯಸ್ಕಾಂತ ಆಗುತ್ತೆ, ಅದಕ್ಕೇ ಸ್ಕ್ರೂಡ್ರೈವರ್ ಕಚ್ಕೊಂಡಿದ್ದು. ಓಡ್ವಾಗ ಚಾರ್ಜ್ ಮಾಡೋದೂ ಅದೇ, ನಿಂತಾಗ ತಿನ್ನೋದೂ ಅದೇ. ಡಯೋಡ್ ಪ್ಲೇಟಿಗೆ ಸಾವಿರವೂ ಆಗ್ಲಿಲ್ಲ.

ಅಂದ್ರೆ ನನ್ನ ಹಳೇ ಬ್ಯಾಟರಿ ಸತ್ತಿರ್ಲಿಲ್ಲ. ಚಾರ್ಜೇ ಇಲ್ಲದ ಬ್ಯಾಟರಿಗೆ ಲೋಡ್ ಟೆಸ್ಟರ್ ಒತ್ತಿದ್ರೆ ಮುಳ್ಳು ಬೀಳದೆ ಇನ್ನೇನು ಮಾಡುತ್ತೆ?

ವಾಪಸ್ ಕೇಳೋಣ ಅಂತ ಹೋದ್ರೆ ಅದು ಚಾರ್ಜಿಂಗ್ ಬೆಂಚಿನ ಮೇಲೆ ಕೂತಿದೆ! ಪಕ್ಕದಲ್ಲಿ ನಾನೇ ಹಚ್ಚಿದ್ದ ಹಸಿರು ಪೇಂಟಿನ ಗುರುತು. ಸತ್ತಿರೋದಕ್ಕೆ ಯಾಕಯ್ಯ ಚಾರ್ಜು ಅಂದೆ. ಮುಖವೂ ಎತ್ತಲಿಲ್ಲ. "ಅಣ್ಣ, ಎಕ್ಸ್‌ಚೇಂಜ್ ಆದ್ಮೇಲೆ ಅದು ನಮ್ಮ ಮಾಲು. ಬೇಕಾದ್ರೆ ಸೆಕೆಂಡ್ ಹ್ಯಾಂಡ್ ರೇಟಲ್ಲಿ ತಗೊಳ್ಳಿ, 3,000 ಕೊಡಿ." ನನ್ನ ಬ್ಯಾಟರಿ, ನನಗೇ 3,000! ಅಂಗಡೀಲಿ ನಿಂತಿದ್ದ ಗಿರಾಕಿಗಳೂ ಮುಸಿಮುಸಿ ನಕ್ಕರು. ಡಯೋಡ್ ವಿಷ್ಯ ಎತ್ತಿದ್ರೆ "ನಾವು ಬ್ಯಾಟರಿಯೋರು, ಡೈನಮೋ ನಮ್ಮ ಲೈನಲ್ಲ" ಅಂದ. ಗುಂಡುಕಲ್ಲು ಅಂದಿದ್ದು ಯಾರು ಹಂಗಾದ್ರೆ?

ಮೊದಲು ಬ್ಯಾಟರೀನ ಬೇರೆ ಕಡೆ ಫುಲ್ ಚಾರ್ಜ್ ಮಾಡ್ಸಿ, ಕೆಲವು ಗಂಟೆ ಬಿಟ್ಟು ನೋಡಿ. 12.6 ವೋಲ್ಟ್ ನಿಂತು, ಆರೂ ಸೆಲ್ಲಲ್ಲಿ ಗ್ರಾವಿಟಿ (ಆಸಿಡ್ ಎಷ್ಟು ಗಟ್ಟಿ ಇದೆ ಅನ್ನೋ ಅಳತೆ) 1250ರ ಮೇಲಿದ್ರೆ ಅದನ್ನ ಯಾರಿಗೂ ಕೊಡಬೇಡಿ. ನಿಂತಾಗ ಎಷ್ಟು ಆಂಪ್ ಹರೀತಿದೆ ಅಂತ ಅಳೆದು ತೋರಿಸದ ಅಂಗಡಿಗೆ ಕಾಲಿಡಬೇಡಿ. ಕಾರ್ಡಿಗೆ ತಾರೀಖು, ಸೀಲು ಬೀಳೋವರೆಗೂ ದುಡ್ಡು ಎಣಿಸಬೇಡಿ. ನನ್ನ ಕಾರ್ಡು ಇವತ್ತಿಗೂ ಖಾಲಿ. ಸೀಲು ಕೇಳಿದ್ರೆ "ಓನರ್ ಊರಲ್ಲಿಲ್ಲ ಅಣ್ಣ" ಅಂತಾನೆ, ಓನರ್ ಕುರ್ಚಿ ಮೇಲೆ ಕೂತ್ಕೊಂಡೇ.