ಕೈ ನಡುಗೋ ಹಿರಿಯರಿಗೆ ಎರಡು ಹಿಡಿಕೆಯ ಸ್ಟ್ರಾ ಕಪ್ – ಬಳಸಿ ನೋಡಿ ಬರೀತಿರೋದು

ಮನೇಲಿ ವಯಸ್ಸಾದವರು ನೀರೇ ಕುಡಿಯಲ್ಲ ಅಂತ ಒದ್ದಾಡ್ತಿರೋರು ಆ್ಯಪ್ ಇರೋ ಬಾಟಲ್, ಲೈಟ್ ಮಿನುಗೋ ಬಾಟಲ್ ಎಲ್ಲಾ ಹುಡುಕೋಕೆ ಮುಂಚೆ ಈ ಸಾದಾ ಕಪ್ ಒಂದ್ಸಲ ನೋಡಿ. ಎರಡೂ ಕಡೆ ಹಿಡಿಕೆ, ತಿರುಗಿಸಿ ಹಾಕೋ ಮುಚ್ಚಳ, ಅದರಲ್ಲೊಂದು ಸ್ಟ್ರಾ, ಸ್ಟ್ರಾ ಒಳಗೆ ಪುಟ್ಟ ವಾಲ್ವ್, ಪಕ್ಕದಲ್ಲಿ ಎಂಎಲ್ ಗೆರೆಗಳು, ಅಷ್ಟೇ. 250 ಎಂಎಲ್ ಹಿಡಿಯುತ್ತೆ. ನಮ್ಮ ಮಾವನವರಿಗೆ ಅಂತ ತಗೊಂಡಿದ್ದು, ಎಂಬತ್ತು ದಾಟಿದೆ, ಬುದ್ಧಿ ಚುರುಕಾಗೇ ಇದೆ ಆದ್ರೆ ಕೈ ನಡುಗುತ್ತೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್, ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳ್ತೀನಿ.

ಮೊದಲು ಕುಡಿಯಲ್ಲ ಯಾಕೆ ಅನ್ನೋದು ಅರ್ಥ ಆಗ್ಬೇಕು, ಇಲ್ಲಾಂದ್ರೆ ಯಾವ ಕಪ್ ತಂದ್ರೂ ಮೂಲೆ ಸೇರುತ್ತೆ. "ಬಾಯಾರಿಕೆ ಆದ್ರೆ ಅವ್ರೇ ಕೇಳ್ತಾರೆ ಬಿಡಿ" ಅಂತಾರಲ್ಲ, ಆ ಮಾತು ಈ ವಯಸ್ಸಲ್ಲಿ ನಂಬೋ ಹಾಗಿಲ್ಲ. ವಯಸ್ಸಾಗ್ತಾ ಬಾಯಾರಿಕೆ ಗೊತ್ತಾಗೋದೇ ಮಂದ ಆಗುತ್ತೆ, ಕಿಡ್ನಿಗೂ ನೀರು ಹಿಡಿದಿಟ್ಟುಕೊಳ್ಳೋ ಶಕ್ತಿ ಇಳಿಯುತ್ತೆ, ಮೈಯಲ್ಲಿ ಇರೋ ಒಟ್ಟು ನೀರೇ ಚಿಕ್ಕ ವಯಸ್ಸಲ್ಲಿ ಇದ್ದಿದ್ದಕ್ಕಿಂತ ಕಡಿಮೆ ಇರುತ್ತೆ, ಇದರ ಮೇಲೆ ಬಿಪಿಗೆ ಅಂತ ಮೂತ್ರ ಜಾಸ್ತಿ ಮಾಡೋ ಮಾತ್ರೆ ಬೇರೆ. ಇದೆಲ್ಲ ಡಾಕ್ಟರ್ ಹೇಳೋ ಕಾರಣ. ಹಿರಿಯರು ಬಾಯಿ ಬಿಟ್ಟು ಹೇಳದೇ ಇರೋ ಕಾರಣ ಇನ್ನೂ ಎರಡಿವೆ, ಒಂದು ಪದೇ ಪದೇ ಟಾಯ್ಲೆಟ್‌ಗೆ ಎದ್ದು ಹೋಗೋ ಭಯ, ಇನ್ನೊಂದು ನಾಲ್ಕು ಜನರ ಮುಂದೆ ಅಂಗಿ ಮೇಲೆ ನೀರು ಚೆಲ್ಲಿಕೊಳ್ಳೋ ಮುಜುಗರ. "ನೀರು ಕುಡೀರಿ ಮಾವ" ಅಂದ್ರೆ "ಆಗ್ಲೇ ಕುಡಿದೆ ಕಣಮ್ಮ" ಅನ್ನೋರು, ನೋಡಿದ್ರೆ ಲೋಟದಲ್ಲಿ ನೀರು ಹಾಗೇ ಇರೋದು. ತುಂಬಿದ ಲೋಟ ಎತ್ತೋದೇ ಅವರಿಗೆ ಕಷ್ಟ ಆಗಿತ್ತು.

ಈ ಕಪ್ ಗೆಲ್ಲೋದು ಅಲ್ಲೇ. ಒಂದು ಲೀಟರ್ ಬಾಟಲ್ ತುಂಬಿಟ್ರೆ ನೀರಿನ ತೂಕವೇ ಒಂದು ಕೇಜಿ, ಅದರ ಮೇಲೆ ಗಂಟೆ ಗಂಟೆಗೆ ಎಷ್ಟು ಕುಡೀಬೇಕು ಅಂತ ಎಷ್ಟೇ ಚಂದ ಬರೆದಿದ್ರೂ ಎತ್ತೋಕೆ ಆಗದೇ ಇರೋರಿಗೆ ಏನು ಪ್ರಯೋಜನ? ಇದರಲ್ಲಿ ಕಾಲು ಕೇಜಿ ನೀರು, ಎರಡೂ ಕೈ ಹಾಕಿ ಹಿಡೀಬಹುದು, ಎತ್ತದೇ ಮೇಜಿನ ಮೇಲೇ ಇಟ್ಟು ಸ್ವಲ್ಪ ಬಗ್ಗಿ ಕುಡಿದ್ರೂ ನಡೆಯುತ್ತೆ, ತಲೆ ಹಿಂದಕ್ಕೆ ವಾಲಿಸಬೇಕಿಲ್ಲ, ಕುತ್ತಿಗೆ ನೋವಿರೋರಿಗೆ ಅದೇ ದೊಡ್ಡ ಅನುಕೂಲ. ವಾಲ್ವ್ ಇರೋದ್ರಿಂದ ಒಂದ್ಸಲ ಎಳೆದ ನೀರು ಕೆಳಗೆ ಇಳಿಯಲ್ಲ, ಸ್ಟ್ರಾದಲ್ಲೇ ನಿಂತಿರುತ್ತೆ, ಹಾಗಾಗಿ ಪ್ರತಿ ಗುಟುಕಿಗೂ ದಮ್ಮು ಕಟ್ಟಿ ಎಳೀಬೇಕಿಲ್ಲ. ಕಪ್ ಮನೆಗೆ ಬಂದಾಗ ಮೊದಲು ಮಾವ "ಏನಮ್ಮ ಇದು, ಮಗೂದಾ?" ಅಂತ ಕೇಳಿದ್ರು, "ಅಲ್ಲ ಮಾವ, ಕೈ ನಡುಗೋರಿಗೆ ಅಂತಲೇ ಮಾಡಿರೋದು" ಅಂದೆ. ದಯವಿಟ್ಟು ಚಿತ್ರಗಿತ್ರ ಇಲ್ಲದ ಸಾದಾ ಕಪ್ಪೇ ತಗೊಳ್ಳಿ, ದೊಡ್ಡವರ ಕೈಗೆ ಮಕ್ಕಳ ಸಾಮಾನು ಕೊಟ್ಟ ಹಾಗಾಗಬಾರದು.

ಗೆರೆಗಳು ನಾನು ಅಂದುಕೊಂಡಿದ್ದಕ್ಕಿಂತ ಉಪಯೋಗಕ್ಕೆ ಬಂದ್ವು. ಯುರೋಪಿನ ಪೌಷ್ಟಿಕತೆ ತಜ್ಞರ ಸಂಘ ಎಸ್ಪೆನ್ ಹಿರಿಯರಿಗೆ ಅಂತ ಹಾಕಿರೋ ಲೆಕ್ಕದಲ್ಲಿ ದಿನಕ್ಕೆ ಹೆಂಗಸರು ಕನಿಷ್ಠ 1.6 ಲೀಟರ್, ಗಂಡಸರು ಕನಿಷ್ಠ 2 ಲೀಟರ್ ಕುಡೀಬೇಕು, ಆದ್ರೆ ಅದಷ್ಟೂ ಬರೀ ನೀರೇ ಆಗ್ಬೇಕಿಲ್ಲ, ಟೀ, ಕಾಫಿ, ಹಾಲು, ಜ್ಯೂಸ್ ಎಲ್ಲಾ ಸೇರುತ್ತೆ. ಟೀ ಕುಡಿದ್ರೆ ನೀರು ಇನ್ನೂ ಕಡಿಮೆಯಾಗುತ್ತೆ ಅಂತ ಹೆದರಿಸಿ ಇಷ್ಟ ಇರೋದನ್ನೂ ನಿಲ್ಲಿಸಿಬಿಡ್ತಾರೆ, ಹಾಗೆ ಮಾಡ್ಬೇಡಿ. ಎಂಟು ಕಪ್ ಅಂದ್ರೆ 2 ಲೀಟರ್ ಆಯ್ತು, ಅದರಲ್ಲಿ ಎರಡು ಮೂರು ಟೀ ಹಾಲಲ್ಲೇ ಕಳೆದುಹೋಗುತ್ತೆ. ಹಾರ್ಟ್ ಫೇಲ್ಯೂರ್, ಕಿಡ್ನಿ ತೊಂದರೆ ಇರೋರಿಗೆ ಮಾತ್ರ ಈ ಲೆಕ್ಕ ಹಾಕಲೇಬೇಡಿ, ಅವರಿಗೆ ಇಷ್ಟೇ ಕುಡೀಬೇಕು ಅಂತ ಡಾಕ್ಟರ್ ಮಿತಿ ಹಾಕಿರಬಹುದು, ಆಗ ಇದೇ ಗೆರೆಗಳು ಮಿತಿ ದಾಟದೇ ಇರೋಕೆ ಬೇಕಾಗುತ್ತೆ.

ಪಾರದರ್ಶಕ ಕಪ್ಪಾದ್ರೆ ಎಷ್ಟು ಕುಡಿದ್ರು ಅಂತ ದೂರದಿಂದಲೇ ಕಾಣುತ್ತೆ, ನಾವು ತಗೊಂಡಿದ್ದು ಅದೇ. ಮರೆವಿನ ಕಾಯಿಲೆ ಇರೋರಿಗೆ ಗಾಢ ಕೆಂಪೋ ನೀಲಿಯೋ ನೋಡಿ. 2004ರಲ್ಲಿ ಬಾಸ್ಟನ್‌ನ ಸಂಶೋಧಕರು ಅಲ್ಝೈಮರ್ಸ್ ಜಾಸ್ತಿಯಾಗಿರೋರಿಗೆ ಬಿಳಿ ಬದಲು ಗಾಢ ಬಣ್ಣದ ತಟ್ಟೆ ಲೋಟ ಕೊಟ್ಟು ನೋಡಿದಾಗ ಕುಡಿಯೋದು 84% ಹೆಚ್ಚಾಯ್ತಂತೆ, ತೀರಾ ಕೆಲವೇ ಜನರ ಮೇಲೆ ಮಾಡಿದ್ದು ನಿಜ, ಆದ್ರೂ ಕಣ್ಣಿಗೆ ಎದ್ದು ಕಂಡ್ರೆ ಕೈ ಹೋಗುತ್ತೆ ಅನ್ನೋದು ನಂಬೋ ಮಾತೇ.

ಈಗ ಆ ಒಂದು ಸ್ಟಾರ್ ವಿಷ್ಯ. ತೊಳೆಯೋದು ನಿಜವಾಗ್ಲೂ ಕೆಲಸ. ಹಾಲು, ಜ್ಯೂಸ್ ಹಾಕಿದ್ರೆ ವಾಲ್ವ್ ಸಂದಿಯಲ್ಲಿ ಉಳಿದು ವಾಸನೆ ಬರುತ್ತೆ, ಪ್ರತಿ ಸಲ ಬಿಚ್ಚಿ ಸಣ್ಣ ಬ್ರಷ್ ಹಾಕಿ ಉಜ್ಜಿ ಪೂರ್ತಿ ಒಣಗಿಸಬೇಕು, ಮುಚ್ಚಳದ ರಬ್ಬರ್ ಕೂಡ. ಹಾಗಾಗಿ ನಾವು ಇದರಲ್ಲಿ ನೀರು ಮಾತ್ರ ಹಾಕ್ತೀವಿ. ಬಿಸಿ ಬಿಸಿ ಟೀ ಅಂತೂ ಸ್ಟ್ರಾದಲ್ಲಿ ಕೊಡಲೇಬೇಡಿ, ಎಷ್ಟು ಬಿಸಿ ಇದೆ ಅಂತ ತುಟಿಗೆ ಗೊತ್ತಾಗೋ ಮುಂಚೆ ಗಂಟಲು ಸುಡುತ್ತೆ.

ಇನ್ನೊಂದು, ಇದು ಸ್ಟಾರ್ ವಿಷ್ಯ ಅಲ್ಲ, ಸುರಕ್ಷತೆ ವಿಷ್ಯ. ನೀರು ಕುಡಿಯುವಾಗ ಕೆಮ್ಮು ಬರೋರು, ಕುಡಿದ ಮೇಲೆ ದನಿ ಗೊರಗೊರ ಅನ್ನೋರು, ಸ್ಟ್ರೋಕ್ ಆಗಿರೋರು ಇದ್ರೆ ಕೇಳದೇ ಕೊಳ್ಳಬೇಡಿ. ಸ್ಟ್ರಾದಿಂದ ನೀರು ಒಮ್ಮೆಲೇ ಗಂಟಲಿಗೆ ನುಗ್ಗಿ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ. ನುಂಗೋದನ್ನ ಪರೀಕ್ಷೆ ಮಾಡೋ ಸ್ಪೀಚ್ ಥೆರಪಿಸ್ಟ್ ಹತ್ರ ತೋರಿಸಿ, ಮೂಗಿನ ಜಾಗದಲ್ಲಿ ಅಂಚು ಕತ್ತರಿಸಿರೋ ಕಪ್ ಕೂಡ ಸಿಗುತ್ತೆ, ಯಾವುದು ಸರಿ ಅಂತ ಅವ್ರೇ ಹೇಳ್ತಾರೆ.

ಕಪ್ ತಂದಿಟ್ಟ ಮಾತ್ರಕ್ಕೆ ಆಗಲ್ಲ, ಅವರು ಕೂರೋ ಕುರ್ಚಿಯಿಂದ ಕೈಗೆ ಸಿಗೋ ಹಾಗೆ ಇಡಿ, ಮಾತ್ರೆ ಕೊಡೋವಾಗ ಎರಡು ಗುಟುಕಲ್ಲ, ಪೂರ್ತಿ ಕಪ್ ಕೊಡಿ. ಮಧ್ಯಾಹ್ನದ ಒಳಗೆ ಹೆಚ್ಚು ಪಾಲು ಕುಡಿಸಿ ಸಂಜೆ ಮೇಲೆ ಕಮ್ಮಿ ಮಾಡಿದ್ರೆ ರಾತ್ರಿ ಏಳೋ ಚಿಂತೆ ಇರಲ್ಲ, ಮಾವ ಒಪ್ಪಿದ್ದೇ ಈ ಏರ್ಪಾಡಿಗೆ. ಚರ್ಮ ಚಿವುಟಿ ನೋಡೋದು, ಮೂತ್ರದ ಬಣ್ಣ ನೋಡೋದು ಈ ವಯಸ್ಸಲ್ಲಿ ನೆಚ್ಚಿಕೊಳ್ಳೋ ಹಾಗಿಲ್ಲ, ನೀರು ಸಾಕಾಗಿದ್ಯಾ ಅಂತ ಸರಿಯಾಗಿ ಹೇಳೋದು ರಕ್ತ ಪರೀಕ್ಷೆ. ಇದ್ದಕ್ಕಿದ್ದ ಹಾಗೆ ಗೊಂದಲ, ಜಾಸ್ತಿ ಮಂಪರು, ಎದ್ದು ನಿಂತ್ರೆ ತಲೆ ಸುತ್ತೋದು ಕಂಡ್ರೆ ಕಪ್ ತುಂಬಿಸ್ತಾ ಕೂರದೇ ಡಾಕ್ಟರ್ ಹತ್ರ ಹೋಗಿ.

ಕೊಳ್ಳೋವಾಗ ಸ್ಟ್ರಾ ಮತ್ತು ವಾಲ್ವ್ ಬಿಡಿಯಾಗಿ ಸಿಗುತ್ತಾ ಅಂತ ಕೇಳಿ. ಮೊದಲು ಹಾಳಾಗೋದು ಅದೇ, ಅದು ಸಿಗಲ್ಲ ಅಂದ್ರೆ ಆ ಕಪ್ ಬಿಟ್ಟು ಬೇರೆ ನೋಡಿ.