ನನ್ನ 1988ರ ಯೆಜ್ಡಿ ರೋಡ್‌ಕಿಂಗ್: 12 ವೋಲ್ಟ್ ಮಾಡಿಸಿದ್ದೇ ತಪ್ಪಂತೆ!

ಯೆಜ್ಡಿ ಬೈಕ್ ಮಾರೋಕಿದೆ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: "ಪೂರ್ತಿ ಒರಿಜಿನಲ್ ಇದೆಯಾ?" ಎಂಜಿನ್ನಿನ ಕ್ರ್ಯಾಂಕ್ ಯಾವಾಗ ರಿಪೇರಿ ಮಾಡಿಸಿದ್ರಿ, ಆರ್‌ಸಿ ಚಾಲ್ತಿಯಲ್ಲಿದೆಯಾ ಅಂತ ಯಾರೂ ಕೇಳಲ್ಲ. ಪ್ಲಗ್ಗಿಗೆ ಕಿಡಿ ಕೊಡೋ ಹಳೇ ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಸಿಡಿಐ ಹಾಕಿಸಿದ್ದೇನೆ, ಕಂಪನಿಯ 6 ವೋಲ್ಟ್ ವೈರಿಂಗ್ ಎಲ್ಲಾ ಈಗ 12 ವೋಲ್ಟ್ ಅಂದರೆ ಸಾಕು, ನಿಂತ ನಿಲುವಿನಲ್ಲೇ ಬೆಲೆಯಲ್ಲಿ 30-40 ಸಾವಿರ ಇಳಿಸುತ್ತಾರೆ. ಎಷ್ಟೋ ವರ್ಷ ಈ ಗಾಡಿಯನ್ನು ಪುಣೆಯಲ್ಲಿ ಆಫೀಸಿಗೆ ಓಡಿಸಿದವನು ನಾನು. ಅದಕ್ಕೆ ಮಾಡಿಸಿದ ಒಳ್ಳೆಯ ಕೆಲಸ ಅಂದ್ರೆ ಇದೇ, ಅದಕ್ಕೇ ಬೆಲೆ ಕಡಿಮೆ ಅಂದ್ರೆ ಬೇಜಾರಾಗುತ್ತೆ.

ಹಳೇ 6 ವೋಲ್ಟಿನಲ್ಲಿ ರಾತ್ರಿ ಪುಣೆ ಹತ್ರದ ಕಾತ್ರಜ್ ಘಾಟ್ ಇಳಿದವರಿಗೆ ಮಾತ್ರ ಗೊತ್ತು. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹೆಡ್‌ಲೈಟೂ ಮಂಕಾಗುತ್ತೆ, ಅಂದ್ರೆ ದಾರಿ ಕಾಣಬೇಕಾದ ಜಾಗದಲ್ಲೇ ಬೆಳಕಿಲ್ಲ. ಇನ್ನು ಪಾಯಿಂಟ್. ಬಲಗಡೆ ಕವರಿನೊಳಗೆ ಡೈನಮೋ ಜೊತೆ ಕೂತಿರುತ್ತೆ, ಕಿಡಿ ಹಾರಿ ಹಾರಿ ಸವೆಯುತ್ತೆ, 0.4 ಮಿ.ಮೀ. ಆಸುಪಾಸಿನ ಗ್ಯಾಪ್ ಸ್ವಲ್ಪ ಆಚೀಚೆ ಆದರೂ ಟೈಮಿಂಗ್ ಕೆಡುತ್ತೆ, ಮಳೆಗಾಲ ಬಂತಂದ್ರೆ ತೇವ ಹಿಡಿದು ಸಿಗ್ನಲ್‌ನಲ್ಲಿ ಗಾಡಿ ನಿಂತೇ ಹೋಗುತ್ತೆ, ಹಿಂದೆ ಬಸ್ಸು ಹಾರ್ನ್ ಹೊಡೀತಾ ಇರುತ್ತೆ. ಸಿಡಿಐ ಬಂದ ಮೇಲೆ ಆ ಕಾಟವೇ ಇಲ್ಲ. ಹೆಡ್‌ಲೈಟಿನ ಎಚ್4 ಬಲ್ಬ್ ಒಂದೇ ಸಮ ಉರಿಯುತ್ತೆ. ಸ್ವಾರಗೇಟ್ ಗದ್ದಲದಲ್ಲೂ ಹಾರ್ನ್ ಕೇಳಿಸುತ್ತೆ.

ಸ್ಪೆಕ್ ಎಲ್ಲಾ ನಿಮಗೆ ಗೊತ್ತೇ ಇರುತ್ತೆ, ಬಿಡಿ. ಬೆಳಗಿನ ಕೆಲಸ ಹೇಳ್ತೀನಿ, ನಂಗೆ ಅದೇ ಇಷ್ಟ. ಮೊದಲು ಪೆಟ್ರೋಲ್ ಕಾಕ್ ತೆರೀಬೇಕು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಇಗ್ನಿಷನ್ ಆನ್ ಮಾಡದೆ ಮೆತ್ತಗೆ ಒಂದೆರಡು ಸಲ ತುಳಿಯಬೇಕು, ಆಮೇಲೆ ಕೀ ಹಾಕಿ ಒಂದೇ ಗಟ್ಟಿ ಕಿಕ್. ಎರಡೂ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದು, ತಡವರಿಸಿ, ನಿಧಾನಕ್ಕೆ ಲಯಕ್ಕೆ ಕೂರುತ್ತೆ. ಯಮಹಾ ಆರ್‌ಎಕ್ಸ್ 100ರ ಹಾಗೆ ಇದಕ್ಕೆ ಆಯಿಲ್ ಪಂಪ್ ಇಲ್ಲ, ಟು-ಟಿ ಆಯಿಲನ್ನ ಪೆಟ್ರೋಲಿಗೇ ಬೆರೆಸಬೇಕು. ನಾನು ಲೀಟರಿಗೆ 30 ಮಿ.ಲೀ. ಹಾಕ್ತೀನಿ, ಘಾಟ್ ಹತ್ತೋದಿದ್ರೆ ಸ್ವಲ್ಪ ಜಾಸ್ತಿ. ಮೊದಲು ಆಯಿಲ್, ಅದರ ಮೇಲೆ ಪೆಟ್ರೋಲ್, ಆಗ ತಾನಾಗೇ ಬೆರೆಯುತ್ತೆ. ಸಂಜೆ ಮನೆ ತಲುಪಿದ ಮೇಲೆ ಕಾಕ್ ಮುಚ್ಚೋದು ಮರೀಬಾರದು. ಇಲ್ಲಾಂದ್ರೆ ರಾತ್ರಿಯಿಡೀ ಪೆಟ್ರೋಲ್ ಒಳಗೆ ಇಳಿದು ಬೆಳಿಗ್ಗೆ ಪ್ಲಗ್ ಒದ್ದೆ.

ಕಷ್ಟಗಳೂ ಇವೆ. ಊರೊಳಗೆ ಲೀಟರಿಗೆ 25 ಕಿ.ಮೀ. ಕೊಟ್ಟರೆ ಅದೇ ದೊಡ್ಡದು. ಡ್ರಮ್ ಬ್ರೇಕ್ ಇವತ್ತಿನ ಟ್ರಾಫಿಕ್ಕಿಗೆ ಸಾಲಲ್ಲ, ಮುಂದಿನ ಗಾಡಿಗೂ ನಮಗೂ ನಡುವೆ ಜಾಗ ಬಿಟ್ಟೇ ಓಡಿಸಬೇಕು. ಪುಣೆಯ ನಾನಾ ಪೇಟೆ ಅನ್ನೋ ಏರಿಯಾದಲ್ಲಿ ಬಿಡಿಭಾಗ ಸಿಗುತ್ತೆ ನಿಜ, ಆದರೆ ಈಗ ಬರೋ ಆಯಿಲ್ ಸೀಲುಗಳ ಗುಣಮಟ್ಟ ಏನೇನೂ ಚೆನ್ನಾಗಿಲ್ಲ.

ಒರಿಜಿನಲ್ ಕೇಳೋರ ಮೇಲೆ ನಂಗೆ ಕೋಪ ಇತ್ತು, ಈಗ ಅಷ್ಟಿಲ್ಲ. ಯೆಜ್ಡಿ ತಯಾರಿಸ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರು ವಾಪಸ್ ಬಂತು, ಆದರೆ ಅದು ಫೋರ್ ಸ್ಟ್ರೋಕ್, ಇದರ ಹಾಗೆ ಟು ಸ್ಟ್ರೋಕ್ ಅಲ್ಲ. ಇರೋದೇ ಇಷ್ಟು ಗಾಡಿ, ಅವು ಕಾರ್ಖಾನೆಯಿಂದ ಹೊರಟ ಹಾಗೇ ಉಳೀಲಿ ಅಂತ ಆಸೆ ಪಡೋದು ಸಹಜ ಅಲ್ವಾ. ಅದಕ್ಕೆ ಹೇಳ್ತಿದ್ದೀನಿ: ಚಾಸಿ ಕೊಯ್ದು, ಮಡ್‌ಗಾರ್ಡ್ ಕತ್ತರಿಸಿ ಬಾಬರ್ ಅನ್ನೋ ಮೋಟು ಬೈಕ್ ಮಾಡೋದು ಬೇರೆ, 12 ವೋಲ್ಟ್ ಮಾಡಿಸೋದು ಬೇರೆ. ನನ್ನ ಗಾಡಿಯಲ್ಲಿ ಎಲ್ಲೂ ವೆಲ್ಡಿಂಗ್ ಇಲ್ಲ, ಹೊಸ ತೂತಿಲ್ಲ. ಡೈನಮೋ, ರೆಗ್ಯುಲೇಟರ್, ಪಾಯಿಂಟ್ ಪ್ಲೇಟ್, ಹಳೇ ಹಾರ್ನ್, ಎಲ್ಲಾ ಎಣ್ಣೆ ಸವರಿ ಡಬ್ಬಿಯಲ್ಲಿ ಇಟ್ಟಿದ್ದೀನಿ. ಕೆಲಸ ಬಲ್ಲ ಮೆಕ್ಯಾನಿಕ್ ಕೂತರೆ ಮತ್ತೆ 6 ವೋಲ್ಟ್ ಮಾಡಿ ಕೊಡ್ತಾರೆ. ಕೊಯ್ದ ಚಾಸಿಯನ್ನ ಯಾರು ಕೂಡಿಸ್ತಾರೆ?

"ವಿಂಟೇಜ್ ನಂಬರ್ ಸಿಗುತ್ತಾ" ಅಂತಲೂ ಕೇಳ್ತಾರೆ. 2021ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು. ಇದಕ್ಕೆ ಅದು 2038ಕ್ಕೆ. ಅಷ್ಟೇ ಅಲ್ಲ, ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನು ದಿನಾ ರಸ್ತೆಗೆ ಇಳಿಸೋ ಹಾಗಿಲ್ಲ. ಸದ್ಯಕ್ಕೆ ಇದು ಸುಮ್ನೆ ಹಳೇ ಗಾಡಿ. ಐದು ವರ್ಷಕ್ಕೊಮ್ಮೆ ಮರುನೋಂದಣಿ, ಹಸಿರು ತೆರಿಗೆ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಎಲ್ಲಾ ಮುಗಿಸಿಟ್ಟಿದ್ದೀನಿ. ಎಂಜಿನ್, ಬಣ್ಣ, ಸೈಲೆನ್ಸರ್ ಮುಟ್ಟಿಲ್ಲ, ಆರ್‌ಸಿಯಲ್ಲಿ ಇರೋದೇ ಗಾಡಿಯಲ್ಲೂ ಇದೆ. ಪುಣೆಯವರಾದರೆ ಹೆಸರು ಬದಲಾಯಿಸೋಕೆ ಫಾರ್ಮ್ 29, 30 ಸಾಕು. ಕರ್ನಾಟಕಕ್ಕೆ ಒಯ್ಯೋರಿಗೆ ಫಾರ್ಮ್ 28 ಹಾಕಿ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತೆಗೆಸಿಕೊಡ್ತೀನಿ, ಆಮೇಲಿನ ತೆರಿಗೆ, ಹೊಸ ನಂಬರು ನಿಮ್ಮ ಜವಾಬ್ದಾರಿ.

ಹೊಸ ಫ್ಲ್ಯಾಟಿನಲ್ಲಿ ಒಂದೇ ಪಾರ್ಕಿಂಗ್, ಬಿಸಿಲು ಮಳೆಯಲ್ಲಿ ಇದನ್ನ ನಿಲ್ಲಿಸೋಕೆ ಮನಸ್ಸಿಲ್ಲ. ಒಂದೂಕಾಲು ಲಕ್ಷ ಹೇಳ್ತಿದ್ದೀನಿ. ದಿನಾ ಓಡಿಸೋರು ಬಂದರೆ ಸ್ವಲ್ಪ ಬಿಡ್ತೀನಿ, ಡ್ರಾಯಿಂಗ್ ರೂಮಲ್ಲಿ ನಿಲ್ಲಿಸೋರಿಗೆ ಒಂದು ರೂಪಾಯಿನೂ ಬಿಡಲ್ಲ. ನೋಡೋಕೆ ಬೆಳಿಗ್ಗೆಯೇ ಬನ್ನಿ, ಎಂಜಿನ್ ಮೇಲೆ ಕೈಯಿಟ್ಟು ತಣ್ಣಗಿದೆಯಾ ನೋಡಿ, ಆಮೇಲೆ ನೀವೇ ಕಿಕ್ ಹೊಡೀರಿ. ಬೇರೆ ಯಾರ ಹತ್ರ ಟು ಸ್ಟ್ರೋಕ್ ನೋಡೋಕೆ ಹೋದರೂ ಹೀಗೇ ಮಾಡಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಬನ್ನಿ.